ಮನೆ ಸಾಲದ ವಿಷಯವಾಗಿ ಸ್ಪೈಡರ್‌ಮ್ಯಾನ್‌ಗೆ ಒಂದು ಬಹಿರಂಗ ಪತ್ರ

ಚಿ. ಪೀಟರ್ ಪಾರ್ಕರನಿಗೆ ಆಶೀರ್ವಾದಗಳು. ಉಭಯ ಕುಶಲೋಪರಿ ಸಾಂಪ್ರತ.

ಇಲ್ಲಿ ನಾವೆಲ್ಲ ಕ್ಷೇಮ. ನಿನ್ನ ಕ್ಷೇಮವನ್ನು ಕೇಳುವ ಅಗತ್ಯವಿಲ್ಲ. ಐವತ್ತನೇ ಮಹಡಿಯಿಂದ ನಡುರಸ್ತೆಗೆ ಬಿದ್ದರೂ ಒಂದು ಲಾಗ ಹಾಕಿ ಎದ್ದು ಓಡುವವನು ನೀನು. ನಾನು ಕೇಳಬೇಕಾದದ್ದು ಬೇರೆ. ಕ್ವೀನ್ಸ್‌ನಲ್ಲಿರುವ ಮೇ ದೊಡ್ಡಮ್ಮನ ಮನೆಯ ಸಾಲ ಏನಾಯಿತು? ಕಂತು ಕಟ್ಟುತ್ತಿದ್ದೀಯೋ, ಇಲ್ಲಾ ಬ್ಯಾಂಕಿನವರು ಬಾಗಿಲಿಗೆ ನೋಟಿಸು ಅಂಟಿಸಿ ಹೋದರೋ?

ಇಂಥದ್ದನ್ನೆಲ್ಲ ಊರ ಮುಂದೆ ಕೇಳಬಾರದು, ನಿಜ. ಆದರೆ ನಿನ್ನ ವಿಳಾಸ ಯಾರಿಗೂ ಗೊತ್ತಾಗಬಾರದು ಎನ್ನುವುದು ನಿನ್ನ ಕಸುಬಿನ ಮೊದಲ ನಿಯಮ. ಅಂಚೆಯವನ ಕೈಯಲ್ಲಿ ಕಾಗದ ಕೊಟ್ಟು ಕಳಿಸುವಂತಿಲ್ಲ. ಮೇಲಾಗಿ ನಿನ್ನ ಸಾಲ ಗುಟ್ಟಾಗಿಯೇನೂ ಉಳಿದಿಲ್ಲ. 2023ರ ಅಕ್ಟೋಬರ್ 20ರಂದು ಪ್ಲೇಸ್ಟೇಷನ್ 5ರಲ್ಲಿ ಬಂದ, ಈ ಸರಣಿಯ ನಿನ್ನ ಎರಡನೆಯ ಗೇಮ್ ಮೊದಲ ಒಂದೇ ದಿನದಲ್ಲಿ 25 ಲಕ್ಷ ಪ್ರತಿ ಖರ್ಚಾಯಿತು. ಮರುವರ್ಷದ ಏಪ್ರಿಲ್ ಹೊತ್ತಿಗೆ ಆ ಲೆಕ್ಕ 1.10 ಕೋಟಿ ದಾಟಿತ್ತು. ಅಷ್ಟು ಜನಕ್ಕೆ ಗೊತ್ತಿರುವ ಸಾಲವನ್ನು ಇನ್ನೊಬ್ಬ ಬಾಯಿಬಿಟ್ಟು ಕೇಳಿದರೆ ಮಾನ ಹೋಗುವುದಿಲ್ಲ. ಇಷ್ಟು ಪ್ರತಿ ಮಾರಾಟವಾದರೂ ನಿನ್ನ ಪಾಲಿಗೆ ಏನೂ ಬಂದಂತೆ ಕಾಣದಿರುವುದೇ ನನ್ನ ಸಂಕಟ.

ಸರಣಿಯ ಮೊದಲನೆಯ ಗೇಮ್, 2018ರದ್ದು, ನನಗೆ ಯಾಕೆ ಹಿಡಿಸಿತ್ತು ಗೊತ್ತಾ? ಅದರಲ್ಲಿ ನೀನು ನಿಜಕ್ಕೂ ಬಡವನಾಗಿದ್ದೆ. ಬಾಡಿಗೆ ಬಾಕಿ ಉಳಿಸಿಕೊಂಡಿದ್ದಕ್ಕೆ ಮನೆ ಮಾಲೀಕ ನಿನ್ನನ್ನು ಹೊರಹಾಕಿದ. ಬಾಗಿಲ ಮೇಲೆ ಚೀಟಿ, ಒಳಗೆ ಖಾಲಿ ಕೋಣೆ. ಸಾಮಾನೆಲ್ಲ ಕಸಕ್ಕೆ ಹೋಗಿತ್ತು. ಆಮೇಲೆ ನಾನು ಕಂಟ್ರೋಲರ್ ಹಿಡಿದುಕೊಂಡು ಮಾಡಿದ ಕೆಲಸವೇನೆಂದರೆ, ಮ್ಯಾನ್‌ಹ್ಯಾಟನ್ನಿನ ಬೀದಿಗಳಲ್ಲಿ ಕಸದ ಲಾರಿಯನ್ನು ಹುಡುಕಿಕೊಂಡು ಅಲೆದದ್ದು. ಜಗತ್ತಿನ ಅತ್ಯಂತ ಬಲಶಾಲಿ ಹುಡುಗರಲ್ಲೊಬ್ಬ ಕಸದ ಗಾಡಿಯ ಬೆನ್ನು ಹತ್ತುತ್ತಿದ್ದಾನೆ! ಆಹಾ, ಇವನು ನಮ್ಮವನು ಅನ್ನಿಸಿತ್ತು. ರಾತ್ರಿ ಮಲಗಲು ನಿನಗೆ ಸಿಕ್ಕಿದ್ದು ಮೇ ದೊಡ್ಡಮ್ಮ ದುಡಿಯುತ್ತಿದ್ದ ನಿರಾಶ್ರಿತರ ಆಶ್ರಯಧಾಮ. ಕೊನೆಗೆ ಊರಿಗೆಲ್ಲ ರೋಗ ಹಬ್ಬಿದಾಗ, ಕೈಯಲ್ಲಿದ್ದ ಒಂದೇ ಮದ್ದನ್ನು ದೊಡ್ಡಮ್ಮನಿಗೆ ಕೊಡುವುದೋ ಊರಿಗೆ ಕೊಡುವುದೋ ಎಂದು ಅಳುತ್ತಾ ನಿಂತು, ಊರಿಗೇ ಕೊಟ್ಟೆ. ಆಕೆ ಹೋದಳು. ಆಕೆ ಬಿಟ್ಟು ಹೋದದ್ದೇ ಈ ಮನೆ, ಈ ಸಾಲ.

ಆದ್ದರಿಂದ ಎರಡನೆಯ ಭಾಗ ಶುರುವಾದಾಗ ನಾನು ಎದ್ದು ಕೂತಿದ್ದೆ. ನಿನಗೆ ಮಾಸ್ತರಿಕೆ ಸಿಕ್ಕಿದೆ! ಬ್ರೂಕ್ಲಿನ್ ವಿಷನ್ಸ್ ಅಕಾಡೆಮಿಯಲ್ಲಿ ಭೌತಶಾಸ್ತ್ರದ ಮೇಷ್ಟ್ರು, ಮೊದಲ ದಿನ, ಮುಂದಿನ ಬೆಂಚುಗಳಲ್ಲಿ ಮಕ್ಕಳು, ಅವರ ನಡುವೆ ನಿನ್ನ ಶಿಷ್ಯನೂ ಇನ್ನೊಬ್ಬ ಸ್ಪೈಡರ್‌ಮ್ಯಾನೂ ಆದ ಮೈಲ್ಸ್ ಮೊರಾಲೆಸ್. ಬೋರ್ಡಿನ ಮುಂದೆ ನಿಂತು ಏನೋ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಸ್ಯಾಂಡ್‌ಮ್ಯಾನ್ ಬಂದ. ಸುಮ್ಮನೆ ಬರಲಿಲ್ಲ, ಗಗನಚುಂಬಿಗಳ ಎತ್ತರಕ್ಕೆ ಬೆಳೆದು ಬಂದ. ನೀವಿಬ್ಬರೂ ಪಾಠ ಬಿಟ್ಟು ಓಡಿದಿರಿ. ಊರು ಉಳಿಯಿತು, ಕೆಲಸ ಹೋಯಿತು.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಲೇಬೇಕು: ಕೆಲಸ ಕಳೆದುಕೊಳ್ಳುವುದಾದರೆ ಹೀಗೆ ಕಳೆದುಕೊಳ್ಳಬೇಕು. ಆ ಮರಳಿನ ಮನುಷ್ಯ ಕೈ ಚಾಚಿದರೆ ಬೀದಿ ಮುಚ್ಚಿಹೋಗುತ್ತದೆ. ಅವನ ಮುಷ್ಟಿ ಕಟ್ಟಡದೊಳಗೆ ನುಗ್ಗಿದಾಗ ಆಫೀಸಿನ ಮೇಜುಗಳು, ಗಾಜು, ಮರಳು ಎಲ್ಲ ಒಟ್ಟಿಗೆ ಸುರಿಯುತ್ತವೆ. ನೀನು ಅವುಗಳ ನಡುವೆ ಜಾರುತ್ತಾ ಇನ್ನೊಂದು ಕಿಟಕಿಯಿಂದ ಹಾರಿಹೋಗುತ್ತೀಯ. ಕೈಯಲ್ಲಿದ್ದ ಕಂಟ್ರೋಲರ್ ಮರಳು ಸುರಿದ ಹಾಗೆಯೇ ಸರಸರನೆ ನಡುಗುತ್ತದೆ. ಟ್ರಿಗರ್ ಒತ್ತಿದರೆ ಅದು ತಿರುಗಿ ಬೆರಳನ್ನು ಒತ್ತುತ್ತದೆ. ಎಲ್ಲ ಮುಗಿದಾಗ ನಾನು ಉಸಿರು ಬಿಟ್ಟು ಕೂತಿದ್ದೆ. ನಿನಗಾದರೋ ಅರ್ಧ ದಿನದ ಸಂಬಳವೂ ಬರಲಿಲ್ಲ.

ಇನ್ನು ಮುಂದೆ ಮಜಾ ಇದೆ ಎಂದುಕೊಂಡೆ. ಕೆಲಸವಿಲ್ಲದ ಸ್ಪೈಡರ್‌ಮ್ಯಾನ್, ತಲೆಯ ಮೇಲೆ ಗೃಹಸಾಲ, ಮನೆಯಲ್ಲಿ ಗೆಳತಿ ಮೇರಿ ಜೇನ್. ಅವಳದ್ದೂ ಪತ್ರಿಕೆಯ ಕೆಲಸ. ಅಲ್ಲಿ ಮೇಲಧಿಕಾರಿಯಾಗಿ ಜೇಮ್ಸನ್ ಸಾಹೇಬರು ಮತ್ತೆ ಬಂದು ಕೂತಿದ್ದಾರೆ. ಇಂಥ ಸಂಸಾರದ ಕಥೆಯನ್ನು ಆಡಲು ಬಿಡುತ್ತಾರೆ ಎಂದು ಕಾದೆ. ಬಿಡಲಿಲ್ಲ. ಸಾಲ ಎನ್ನುವುದು ಮಾತಿನಲ್ಲಿ ಬಂತು, ಮುಖ ಸಪ್ಪೆಯಾಯಿತು, ಅಲ್ಲಿಗೆ ಮುಗಿಯಿತು. ಮೊದಲ ಗೇಮಿನಲ್ಲಿ ಬಡತನಕ್ಕೆ ಒಂದು ಬಟನ್ ಇತ್ತು. ಎರಡನೆಯದರಲ್ಲಿ ಅದು ಬರೀ ಡೈಲಾಗ್ ಆಯಿತು. ನನ್ನ ದೂರು ಇಷ್ಟೇ. ಉಳಿದದ್ದೆಲ್ಲ ಇದರ ಒಗ್ಗರಣೆ.

ನಿನ್ನ ಆಸ್ತಿ ಪಟ್ಟಿ ನೋಡೋಣ. ಸೂಟುಗಳು, ನಿನ್ನದೂ ಮೈಲ್ಸನದೂ ಸೇರಿ 65ಕ್ಕೂ ಹೆಚ್ಚು. ಸಿನಿಮಾದ್ದು, ಕಾಮಿಕ್ಸಿನದ್ದು, ಕಬ್ಬಿಣದ್ದು, ಬೆನ್ನ ಚೀಲದಲ್ಲಿ ಬೆಕ್ಕು ಕೂತಿರುವುದು ಕೂಡ ಒಂದಿದೆ. ಇವುಗಳಲ್ಲಿ ಹಲವನ್ನು ಸಂಪಾದಿಸಲು ಟೆಕ್ ಪಾರ್ಟ್ಸ್ ಬೇಕು, ಸಿಟಿ ಟೋಕನ್ ಬೇಕು, ಹೀರೋ ಟೋಕನ್ ಬೇಕು. ಊರಿಡೀ ಸುತ್ತಿ ಇವನ್ನು ಚೀಲಗಟ್ಟಲೆ ಒಟ್ಟುಮಾಡಿದ್ದೇನೆ. ಇಷ್ಟು ಬಗೆಯ ನಾಣ್ಯ ಚಲಾವಣೆಯಲ್ಲಿರುವ ನಗರದಲ್ಲಿ ಒಂದೇ ಒಂದು ಬ್ಯಾಂಕು ಅದನ್ನು ಕಂತಿಗೆ ಜಮಾ ಮಾಡಿಕೊಳ್ಳುವುದಿಲ್ಲವಂತೆ. ಹಳೆ ಸೂಟು ನಾಲ್ಕು ಹರಾಜಿಗೆ ಹಾಕಿದ್ದರೆ ಅಸಲು ಬಡ್ಡಿ ಎರಡೂ ತೀರಿ, ಮೇರಿ ಜೇನ್‌ಗೆ ಒಂದು ಒಳ್ಳೆಯ ಸೋಫಾ ಬರುತ್ತಿತ್ತು. ನಿನ್ನ ಶಿಷ್ಯ ಜಾಣ. ಕಥೆಯ ಕೊನೆಗೆ ಅವನು ತಾನೇ ರೂಪಿಸಿಕೊಂಡ ಹೊಸ ಸೂಟಿನ ಕಾಲಿಗೆ ಅಡಿಡಾಸ್ ಶೂ ಇದೆ. ನೋಡಿದವರು ಬೈದರು, ಲೋಕವನ್ನು ಉಳಿಸುವ ಹೊತ್ತಿನಲ್ಲೂ ಜಾಹೀರಾತೇ ಎಂದರು. ನಾನು ಬೈಯಲಿಲ್ಲ. ಕೆಂಪು-ನೀಲಿ ಬಳಗದಲ್ಲಿ ಪ್ರಾಯೋಜಕರನ್ನು ಹುಡುಕಿಕೊಂಡವನು ಅವನೊಬ್ಬನೇ.

ನಿನ್ನ ರೆಕ್ಕೆಯ ಬಗ್ಗೆ ಮಾತ್ರ ವ್ಯಂಗ್ಯ ಬರುವುದಿಲ್ಲ ಕಣಪ್ಪ. ಈ ಸಲ ನಕ್ಷೆ ಹೆಚ್ಚುಕಡಿಮೆ ಇಮ್ಮಡಿಯಾಗಿದೆ. ಮ್ಯಾನ್‌ಹ್ಯಾಟನ್ ಜೊತೆಗೆ ಬ್ರೂಕ್ಲಿನ್, ಕ್ವೀನ್ಸ್ ಸೇರಿವೆ. ತೊಂದರೆಯೆಂದರೆ ಅಲ್ಲಿಯ ಮನೆಗಳು ಗಿಡ್ಡ. ನಿನ್ನ ಬಲೆ ಗಾಳಿಗೆ ಅಂಟುವುದಿಲ್ಲ, ಅದಕ್ಕೊಂದು ಗೋಡೆ ಬೇಕು, ಮರವಾದರೂ ಬೇಕು. ಆ ಕೊರತೆಯಿಂದಲೇ ಈ ರೆಕ್ಕೆ ಹುಟ್ಟಿದ್ದು. ವಾಲ್ ಸ್ಟ್ರೀಟಿನ ಕಡೆಯ ಎತ್ತರದ ಕಟ್ಟಡವೊಂದರ ತುದಿಯಿಂದ ತಲೆಕೆಳಗಾಗಿ ಬೀಳುವುದು. ಕಿಟಕಿಗಳು ಒಂದಕ್ಕೊಂದು ಅಂಟಿಕೊಂಡು ಬರೀ ಗೆರೆಯಾಗುವವರೆಗೆ ಬೀಳುವುದು. ಟ್ರಾಫಿಕ್ ಸಿಗ್ನಲ್ಲಿನ ಎತ್ತರಕ್ಕೆ ಬಂದಾಗ ತ್ರಿಕೋನದ ಬಟನ್ ಒತ್ತಿದರೆ ತೋಳಿನ ಕೆಳಗೆ ಬಲೆಯ ಪರದೆ ಬಿಚ್ಚಿಕೊಳ್ಳುತ್ತದೆ. ಬೀಳುತ್ತಿದ್ದ ವೇಗವೆಲ್ಲ ಅಡ್ಡಡ್ಡ ತಿರುಗಿ, ಹಳದಿ ಟ್ಯಾಕ್ಸಿಗಳ ಛಾವಣಿ ಸವರಿಕೊಂಡು ನದಿಯ ಮೇಲೆ ಹೋಗುತ್ತೀಯ. ಈಸ್ಟ್ ನದಿಯ ನೀರನ್ನು ಕಾಲ್ಬೆರಳಿಂದ ಮುಟ್ಟುವಷ್ಟು ಕೆಳಗೆ. ಎದುರಿಗೆ ಗಾಳಿಯ ಸುರಂಗವೊಂದು ಸಿಕ್ಕಿ ಮೇಲಕ್ಕೆಸೆದರೆ ಆಚೆ ದಡ. ಯಾವ ಮಿಷನ್ನೂ ಬೇಡವೆಂದು ಹೀಗೆ ದಡದಿಂದ ದಡಕ್ಕೆ ಹಾರುತ್ತಾ ರಾತ್ರಿ ಕಳೆದದ್ದುಂಟು. ನಕ್ಷೆಯ ಮೇಲೆ ಒಂದು ಜಾಗ ಆರಿಸಿ ಬಟನ್ ಒತ್ತಿ ಹಿಡಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಅಲ್ಲಿರಬಹುದು, ಲೋಡಿಂಗ್ ಎನ್ನುವ ಮಾತೇ ಇಲ್ಲ. ಆದರೆ ಈ ರೆಕ್ಕೆ ಇರುವಾಗ ಆ ಸೌಲಭ್ಯ ಯಾರಿಗೆ ಬೇಕು? ಬ್ರಾಂಕ್ಸ್‌ಗೂ ಸ್ಟೇಟನ್ ದ್ವೀಪಕ್ಕೂ ಮಾತ್ರ ನೀನು ಹೋಗುವುದಿಲ್ಲ. ಅಲ್ಲಿ ಕಳ್ಳತನ ಆಗುವುದಿಲ್ಲವೆಂದು ತೋರುತ್ತದೆ.

ಕಥೆಗೆ ಬರೋಣ. ನಿನ್ನ ಬಾಲ್ಯದ ಗೆಳೆಯ ಹ್ಯಾರಿ ಆಸ್ಬಾರ್ನ್ ವಾಸಿಯಾಗದ ಕಾಯಿಲೆ ವಾಸಿಯಾಗಿ ಬಂದ. ಬಂದವನೇ ನಿನಗೊಂದು ಕೆಲಸ ಕೊಟ್ಟ. ಎಮಿಲಿ-ಮೇ ಫೌಂಡೇಶನ್, ಅವನ ತಾಯಿಯ ಹೆಸರೂ ನಿನ್ನ ದೊಡ್ಡಮ್ಮನ ಹೆಸರೂ ಕೂಡಿಸಿ ಕಟ್ಟಿದ ಸಂಸ್ಥೆ. ಉದ್ದೇಶ, ಇಡೀ ಜಗತ್ತನ್ನು ಗುಣಪಡಿಸುವುದು. ಗುಂಡಿ ಬಿದ್ದ ರಸ್ತೆಯನ್ನಲ್ಲ, ಜಗತ್ತನ್ನು. ಸಂಬಳ ಎಷ್ಟು, ಪಿಎಫ್ ಇದೆಯಾ ಎಂದು ನೀನು ಕೇಳಲಿಲ್ಲ. ಗಾಜಿನ ಕಟ್ಟಡ ನೋಡಿ ಬಾಯಿ ಬಿಟ್ಟೆ. ಅಲ್ಲಿ ನಿನಗೆ ಸಿಕ್ಕ ಕೆಲಸಗಳಲ್ಲೊಂದು, ಜೇನುಹುಳದ ಗಾತ್ರದ ಡ್ರೋನ್ ಹಾರಿಸಿ ಜೇನುಹುಳಗಳನ್ನು ಕಾಪಾಡುವುದು. ಅದನ್ನೂ ನಾನೇ ಆಡಿದೆ. ಮರಳಿನ ದೈತ್ಯನನ್ನು ಕೆಡವಿದ ಕೈಗಳಿಂದ ಹುಳ ಕಾಯಿಸಿದವರಿಗೆ ಧೈರ್ಯ ಸಾಲದೆಂದು ಹೇಳುವಂತಿಲ್ಲ.

ಇತ್ತ ಕ್ರೇವನ್ ಎಂಬ ಬೇಟೆಗಾರ. ಅವನಿಗೆ ಕ್ಯಾನ್ಸರ್. ಆಸ್ಪತ್ರೆಯ ಹಾಸಿಗೆಯಲ್ಲಿ ಸಾಯುವ ಬದಲು ತನ್ನನ್ನು ಕೊಲ್ಲಬಲ್ಲ ಒಬ್ಬ ಸಮಜೋಡಿಯನ್ನು ಹುಡುಕಿಕೊಂಡು ನ್ಯೂಯಾರ್ಕಿಗೆ ಬರುತ್ತಾನೆ. ಜೊತೆಗೆ ಒಂದು ಖಾಸಗಿ ಸೈನ್ಯ, ಯಂತ್ರದ ನಾಯಿಗಳು, ಯಂತ್ರದ ಹದ್ದುಗಳು. ಊರ ತುಂಬ ಅವನ ಶಿಬಿರಗಳೆದ್ದರೂ ನಗರಾಡಳಿತಕ್ಕೆ ಸುಳಿವೇ ಇಲ್ಲ. ಆಡಳಿತ ಎಲ್ಲ ಕಡೆಯೂ ಒಂದೇ ಎಂದು ಸಮಾಧಾನವಾಯಿತು. ಜೈಲಿನಲ್ಲಿದ್ದ ನಿನ್ನ ಹಳೆ ವೈರಿಗಳನ್ನು ಅವನು ಬೇಟೆಯಾಡಲು ಹೊರಟ, ಸ್ಕಾರ್ಪಿಯನ್ ಸತ್ತೇ ಹೋದ. ಜೀವನದಲ್ಲಿ ಯಾರನ್ನೂ ಕೊಲ್ಲದ ನೀನು ಆ ವೈರಿಗಳನ್ನು ಕಾಪಾಡಲು ಓಡಾಡಬೇಕಾಯಿತು. ಇದು ಒಳ್ಳೆಯ ಕಲ್ಪನೆ. ನಿಜವಾದ ಸಾವಿನ ಭಯ ಹೊತ್ತ ಮನುಷ್ಯ ಇಡೀ ಗೇಮಿನಲ್ಲಿ ಕ್ರೇವನ್ ಒಬ್ಬನೇ, ಅವನು ತೆರೆಯ ಮೇಲೆ ನಿಂತಾಗೆಲ್ಲ ಕಥೆಗೆ ತೂಕ ಬರುತ್ತದೆ. ಅಂಥವನು ನಿನಗೆ ಚಾಕು ಹಾಕಿದ. ನೀನು ಸತ್ತಂತೆಯೇ ಆದಾಗ, ಹ್ಯಾರಿಯ ಕಾಯಿಲೆ ವಾಸಿಮಾಡಿ ಅವನ ಮೈಮೇಲೇ ಉಳಿದಿದ್ದ ಕಪ್ಪು ಜೀವಿ ಸೂಟಿನಂತೆ ನಿನ್ನ ಮೈಗೆ ಹತ್ತಿ ಬದುಕಿಸಿತು.

ಆ ಕಪ್ಪು ಸೂಟಿನ ಪೂರ್ವೋತ್ತರ ನಿನಗೆ ಗೊತ್ತಿರಲಿಕ್ಕಿಲ್ಲ. 1962ರಲ್ಲಿ ಸ್ಟಾನ್ ಲೀ, ಸ್ಟೀವ್ ಡಿಟ್ಕೊ ನಿನ್ನನ್ನು ಸೃಷ್ಟಿಸಿದಾಗ ನಿನ್ನ ಬಟ್ಟೆ ಕೆಂಪು-ನೀಲಿ. ಇಪ್ಪತ್ತು ವರ್ಷದ ನಂತರ ರ‍್ಯಾಂಡಿ ಷುಲ್ಲರ್ ಎಂಬ ಓದುಗರೊಬ್ಬರು ಸ್ಪೈಡರ್‌ಮ್ಯಾನ್‌ಗೆ ಕಪ್ಪು ಉಡುಪು ಕೊಟ್ಟರೆ ಹೇಗೆ ಎಂದು ಮಾರ್ವೆಲ್ ಕಂಪನಿಗೆ ಬರೆದರು. ಕಂಪನಿ ಆ ಕಲ್ಪನೆಯನ್ನು 220 ಡಾಲರಿಗೆ ಕೊಂಡುಕೊಂಡಿತು. 1984ರಲ್ಲಿ ನೀನು ಕಪ್ಪು ತೊಟ್ಟೆ, 1988ರಲ್ಲಿ ಅದೇ ಕಪ್ಪಿನಿಂದ ವೆನಮ್ ಎಂಬ ರಾಕ್ಷಸ ಹುಟ್ಟಿದ, ಆಮೇಲೆ ಸಿನಿಮಾಗಳು, ಬೊಂಬೆಗಳು, ಈಗ ಈ ಗೇಮ್. 220 ಡಾಲರ್! ನಿನ್ನ ಮನೆಯ ಒಂದು ಕಂತಿಗೂ ಆಗುವ ಮೊತ್ತವಲ್ಲ. ಸಾಲದಲ್ಲಿರುವವರು ತಮ್ಮ ಐಡಿಯಾಗಳನ್ನು ಅಂಚೆಯಲ್ಲಿ ಕಳಿಸಬಾರದು.

ಕಪ್ಪು ಸೂಟು ತೊಟ್ಟ ಮೇಲೆ ನಿನ್ನ ದನಿ ಬದಲಾಯಿತು. ಮೈಲ್ಸನನ್ನು ಗದರಿಸಿದೆ, ಮೇರಿ ಜೇನ್‌ಗೆ ಒರಟಾಗಿ ಮಾತಾಡಿದೆ, ಕಳ್ಳರನ್ನು ಹಿಡಿಯುವ ಬದಲು ಚಚ್ಚತೊಡಗಿದೆ. ಯೂರಿ ಲೊವೆಂಥಾಲ್ ನಿನ್ನ ದನಿಯಾಗಿ ಇದನ್ನೆಲ್ಲ ಚೆನ್ನಾಗಿ ಮಾಡಿದ್ದಾರೆ. ಮೆತ್ತಗಿನ ಹುಡುಗನ ಗಂಟಲಿನಲ್ಲಿ ಮರಳು ಸೇರಿಕೊಂಡ ಹಾಗೆ ಕೇಳಿಸುತ್ತದೆ. ಕೋಪ ಮನುಷ್ಯನನ್ನು ತಿನ್ನುತ್ತದೆ ಎಂದು ಕಥೆ ನನಗೆ ಒಂದೇ ಸಮ ಹೇಳುತ್ತಿತ್ತು. ಅದೇ ಹೊತ್ತಿಗೆ ಗೇಮ್ ನನ್ನ ಕಿವಿಯಲ್ಲಿ ಬೇರೆಯದನ್ನೇ ಪಿಸುಗುಟ್ಟುತ್ತಿತ್ತು: ಕಂಟ್ರೋಲರಿನ ಎರಡೂ ಕಡ್ಡಿಗಳನ್ನು ಒಟ್ಟಿಗೆ ಒತ್ತು, ನೋಡು ಏನಾಗುತ್ತದೆ. ಒತ್ತಿದೆ. ಬೆನ್ನಿಂದ ಕರಿಯ ಬಳ್ಳಿಗಳು ಚಿಮ್ಮಿ ಎಂಟು ಮಂದಿಯನ್ನು ಒಟ್ಟಿಗೆ ಎತ್ತಿ ನೆಲಕ್ಕೆ ಬಡಿದವು. ಇಡೀ ಗೇಮಿನಲ್ಲಿ ಬಡಿದಾಟ ಇಷ್ಟು ಸೊಗಸಾಗಿ ಇನ್ನೆಲ್ಲೂ ಇಲ್ಲ. ನಿನ್ನ ನೈತಿಕ ಪತನ ನನ್ನ ಪಾಲಿಗೆ ಬರೀ ಅಪ್‌ಗ್ರೇಡ್ ಆಗಿತ್ತು.

ಸರಿ, ಆಮೇಲೆ ನೀನು ಪಶ್ಚಾತ್ತಾಪಪಟ್ಟೆ, ಚರ್ಚಿನ ಗಂಟೆಯ ಸದ್ದಿನಲ್ಲಿ ಅದನ್ನು ಮೈಯಿಂದ ಕಿತ್ತೆಸೆದೆ. ಈಗ ಆ ಬಳ್ಳಿಗಳು ಹೋಗಬೇಕಲ್ಲ? ಆಟಗಾರರು ಬಿಡುತ್ತಾರೆಯೆ? ನಿನ್ನೊಳಗೆ ಉಳಿದಿದ್ದ ಶೇಷವನ್ನು ಹಳೆ ವೈರಿ ಮಾರ್ಟಿನ್ ಲೀ ಶುದ್ಧಮಾಡಿಕೊಟ್ಟ. ಅವೇ ಬಳ್ಳಿಗಳು, ಅದೇ ಹೊಡೆತ, ಬಣ್ಣ ಮಾತ್ರ ಬಿಳಿ. ಕೋಪಕ್ಕೆ ಸುಣ್ಣ ಬಳಿದು ವಾಪಸು ಕೊಟ್ಟರು. ಇದಕ್ಕಿಂತ ಅಗ್ಗದ ಪ್ರಾಯಶ್ಚಿತ್ತವನ್ನು ನಾನು ಯಾವ ಮಠದಲ್ಲೂ ಕಂಡಿಲ್ಲ.

ವೆನಮ್ ವಿಷಯಕ್ಕೆ ಹೆಚ್ಚು ಹೇಳುವುದಿಲ್ಲ. ಆ ಕಪ್ಪು ಜೀವಿ ಮರಳಿ ಹ್ಯಾರಿಯನ್ನು ಹಿಡಿಯಿತು, ಅವನೇ ವೆನಮ್ ಆದ, ಕ್ರೇವನ್ನಿನ ತಲೆ ಕಚ್ಚಿ ಕೊಂದ. ಜಗತ್ತನ್ನು ಗುಣಪಡಿಸುವ ಸಂಸ್ಥೆಯ ಯಜಮಾನ ಜಗತ್ತಿಗೆಲ್ಲ ಆ ಅಂಟನ್ನು ಬಳಿಯಲು ಹೊರಟ. ಟೋನಿ ಟಾಡ್ ಅವರ ಕಂಠ ಇಲ್ಲದಿದ್ದರೆ ಇದೆಲ್ಲ ಕೆಸರಿನ ಕುಸ್ತಿಯಾಗುತ್ತಿತ್ತು. 2024ರಲ್ಲಿ ಅವರು ತೀರಿಕೊಂಡ ಸುದ್ದಿ ಓದಿದಾಗ ಆ ಆಳದ ದನಿ ಮತ್ತೆ ಕಿವಿಯಲ್ಲಿ ಮೊಳಗಿತು. ಬೀದಿಗಳಲ್ಲಿ ಕಪ್ಪು ಗೂಡುಗಳು, ಗೂಡುಗಳಿಂದ ರಾಕ್ಷಸರು, ರಾಕ್ಷಸರ ನಡುವೆ ನೀನು. ಕೊನೆಯ ಮೂರ್ನಾಲ್ಕು ಗಂಟೆ ಹೀಗೇ ಓಡಿತು. ಮೇರಿ ಜೇನ್‌ಗೂ ಆ ಅಂಟು ತಗುಲಿ, ಮನಸ್ಸಿನಲ್ಲಿಟ್ಟುಕೊಂಡಿದ್ದ ದೂರುಗಳನ್ನೆಲ್ಲ ಕಿರುಚಿ ಹೇಳುತ್ತಾ ನಿನ್ನ ಮೇಲೆ ಎರಗಿದಳು. ಆ ಒಂದು ಜಗಳವಾದರೂ ಮನೆಯೊಳಗಿನ ಜಗಳವಾಗಿತ್ತು. ಅದಕ್ಕೇ ಅದರ ಪೆಟ್ಟು ಉಳಿದವಕ್ಕಿಂತ ಚೆನ್ನಾಗಿ ತಾಗಿತು. ನಿನ್ನದೇ ಊರಿನಲ್ಲಿ ಅವೆಂಜರ್ಸ್‌ಗೆ ಒಂದು ಗೋಪುರವಿದೆ, ನಕ್ಷೆಯಲ್ಲಿ ನೋಡಿದ್ದೇನೆ. ಆ ವಾರ ಅವರೆಲ್ಲ ರಜೆಯಲ್ಲಿದ್ದರು.

ಇಷ್ಟು ದೂರಿದ ಮೇಲೂ ನಿನಗೆ ಯಾಕೆ ಕಾಗದ ಬರೆಯುತ್ತಿದ್ದೇನೆಂದರೆ, ಹೋವರ್ಡ್‌ನಿಂದಾಗಿ.

ಮೊದಲ ಗೇಮಿನಲ್ಲಿ ಅವನಿಗೆ ಪಾರಿವಾಳ ಹಿಡಿದುಕೊಡುವುದೊಂದು ಕೆಲಸವಿತ್ತು. ಮನೆಮಠವಿಲ್ಲದ ಮುದುಕ, ಹಕ್ಕಿಗಳಿಗೆಲ್ಲ ಹೆಸರಿಟ್ಟವನು. ಆಗ ನಾನು ಗೊಣಗಿದ್ದೆ: ನಗರ ಉರಿಯುತ್ತಿರುವಾಗ ಹಕ್ಕಿ ಹಿಡಿಯುವುದೆ! ಎರಡನೆಯ ಗೇಮಿನಲ್ಲಿ ಅವನು ಮತ್ತೆ ಸಿಗುತ್ತಾನೆ, ನಕ್ಷೆಯ ಮೂಲೆಯ ಒಂದು ಸಣ್ಣ ಗುರುತಾಗಿ. ಬಿಟ್ಟು ಮುಂದೆ ಹೋದರೆ ಯಾರೂ ಕೇಳುವುದಿಲ್ಲ. ಹೋದರೆ ಅವನು ಕೇಳುವುದಿಷ್ಟು, ನನ್ನ ಹಕ್ಕಿಗಳಿಗೆ ಹೊಸ ಜಾಗ ತೋರಿಸು. ನೀನು ರೆಕ್ಕೆ ಬಿಚ್ಚುತ್ತೀಯ, ಪಾರಿವಾಳಗಳು ನಿನ್ನ ಸುತ್ತ ಕೂಡಿಕೊಳ್ಳುತ್ತವೆ, ಹೊಡೆತವಿಲ್ಲ, ಬಡಿತವಿಲ್ಲ, ಮೆತ್ತಗಿನ ಸಂಗೀತ. ಸುಮ್ಮನೆ ಹಾರುವುದು. ಬಲಗಡೆ ಒಂದು ಬೂದು ಹಕ್ಕಿ ನಿನ್ನ ತೋಳಿನ ಸಮಕ್ಕೆ ಬಂದು, ಸ್ವಲ್ಪ ಹಿಂದೆ ಬಿದ್ದು, ಮತ್ತೆ ಸಮಕ್ಕೆ ಬರುತ್ತದೆ. ಬಟನ್ ಒತ್ತುವುದಕ್ಕೇನೂ ಇಲ್ಲ. ಹಕ್ಕಿಗಳು ಹೊಸ ಜಾಗ ಸೇರುವ ಹೊತ್ತಿಗೆ ಹೋವರ್ಡ್ ಇಲ್ಲ. ಅವನು ಹಕ್ಕಿಗಳ ವ್ಯವಸ್ಥೆ ಮಾಡಿಸಿದ್ದು ಯಾಕೆಂದು ಆಗ ತಿಳಿಯುತ್ತದೆ. ಕಂಟ್ರೋಲರ್ ಪಕ್ಕಕ್ಕಿಟ್ಟು ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದೆ. ವೆನಮ್ ಮುಂದೆ ನನಗೆ ಇದ್ಯಾವುದೂ ಆಗಿರಲಿಲ್ಲ.

ಹೇಯ್ಲಿ ಕೂಪರ್‌ಳದ್ದೂ ಹಾಗೆಯೇ. ಹಾರ್ಲೆಮಿನ ಗೋಡೆಗಳಿಗೆ ಚಿತ್ರ ಬರೆಯುವ ಹುಡುಗಿ, ಕಿವಿ ಕೇಳುವುದಿಲ್ಲ. ಒಂದು ಸಣ್ಣ ಮಿಷನ್ನಿನಲ್ಲಿ ನೀನೂ ಇಲ್ಲ, ಮೈಲ್ಸೂ ಇಲ್ಲ. ನಾನು ಹೇಯ್ಲಿಯಾಗಿ ನಡೆಯಬೇಕು. ಆವರೆಗೆ ಕಿವಿಗಡಚಿಕ್ಕುತ್ತಿದ್ದ ನ್ಯೂಯಾರ್ಕಿನ ಸದ್ದೆಲ್ಲ ನೀರಿನಡಿಗೆ ಹೋದಂತೆ ಮಂಕಾಗುತ್ತದೆ. ಮಾತು ಕೈಸನ್ನೆಯಲ್ಲಿ. ಕೈಯಲ್ಲಿರುವ ಆಯುಧ ಒಂದು ಸ್ಪ್ರೇ ಡಬ್ಬಿ. ಕಾರು ಎತ್ತಿ ಎಸೆಯುವ ಗೇಮಿನೊಳಗೆ ಇಷ್ಟು ಮೆತ್ತಗಿನದೊಂದನ್ನು ಯಾರೋ ಪಟ್ಟುಹಿಡಿದು ಉಳಿಸಿಕೊಂಡಿದ್ದಾರೆ. ಆ ಯಾರೋ ನಿನ್ನ ನಿಜವಾದ ಬಂಧುಗಳು.

ಅವರ ಕಥೆಯೂ ನಿನಗೆ ಗೊತ್ತಿರಬೇಕು. ನಿನ್ನ ಗೇಮ್ ಮಾಡಿದ್ದು ಕ್ಯಾಲಿಫೋರ್ನಿಯಾದ ಬರ್ಬ್ಯಾಂಕಿನಲ್ಲಿರುವ ಇನ್ಸಾಮ್ನಿಯಾಕ್ ಗೇಮ್ಸ್. 2019ರಲ್ಲಿ ಸೋನಿ ಈ ಸ್ಟುಡಿಯೋವನ್ನು 22.9 ಕೋಟಿ ಡಾಲರಿಗೆ ಕೊಂಡಿತು. 2023ರ ಡಿಸೆಂಬರಿನಲ್ಲಿ ಅವರ ಕಂಪ್ಯೂಟರುಗಳಿಗೆ ಕನ್ನ ಹಾಕಿದ ಕಳ್ಳರು, ಸುಲಿಗೆಯ ಹಣ ಬಾರದಿದ್ದಾಗ 13 ಲಕ್ಷಕ್ಕೂ ಹೆಚ್ಚು ಕಡತಗಳನ್ನು ಬೀದಿಗೆ ಸುರಿದರು. ಅದರಲ್ಲಿ ಹೊರಬಿದ್ದ ಲೆಕ್ಕದ ಪ್ರಕಾರ ನಿನ್ನ ಎರಡನೆಯ ಗೇಮಿಗೆ ತಗುಲಿದ ಖರ್ಚು ಸುಮಾರು 30 ಕೋಟಿ ಡಾಲರ್. ಇಡೀ ಅಂಗಡಿಯನ್ನು ಕೊಂಡ ಬೆಲೆಗಿಂತ ಆ ಅಂಗಡಿಯ ಒಂದು ಸರಕಿನ ಖರ್ಚು ಜಾಸ್ತಿ! ನಿನ್ನ ಒಬ್ಬನ ಮನೆ ಸಾಲಕ್ಕೆ ಯಾರಿಗೂ ಯಾಕೆ ಪುರುಸೊತ್ತಿರಲಿಲ್ಲವೆಂದು ನನಗೆ ಆಗ ಅರ್ಥವಾಯಿತು. ಅಷ್ಟು ದುಡ್ಡು ಸುರಿದವರಿಗೆ ಊರಿನಷ್ಟು ದೊಡ್ಡ ದೈತ್ಯ ಬೇಕಾಗುತ್ತದೆ, ಕಸದ ಲಾರಿ ಸಾಕಾಗುವುದಿಲ್ಲ.

ಕನ್ನ ಬಿದ್ದು ಎರಡು ತಿಂಗಳಾಗಿರಬಹುದು, 2024ರ ಫೆಬ್ರವರಿಯಲ್ಲಿ ಪ್ಲೇಸ್ಟೇಷನ್ ವಿಭಾಗದ ಸುಮಾರು 900 ಜನರ ಕೆಲಸ ಹೋಯಿತು. ನೂರಕ್ಕೆ ಎಂಟು ಮಂದಿ. ಇನ್ಸಾಮ್ನಿಯಾಕಿನವರೂ ಆ ಪಟ್ಟಿಯಲ್ಲಿದ್ದರು. ಮೊದಲ ದಿನವೇ ಕೆಲಸ ಕಳೆದುಕೊಂಡ ಮೇಷ್ಟ್ರ ಕಥೆಯನ್ನು ಬರೆದವರ ಪಕ್ಕದ ಕುರ್ಚಿಗಳು ಖಾಲಿಯಾದವು. ಇದಕ್ಕೆ ನೀನು ಕಾರಣನಲ್ಲ. ಆದರೂ ನಿನ್ನ ಜೇಡಪ್ರಜ್ಞೆ ಆ ದಿನ ಸ್ವಲ್ಪವಾದರೂ ಚುರುಗುಟ್ಟಿರಬಹುದೆಂದು ನಂಬಿದ್ದೇನೆ.

ಇನ್ನೊಂದು ಮಾತು ಮೈಲ್ಸನಿಗೆ ತಲುಪಿಸು. ಅವನ ತಾಯಿ ಪೋರ್ಟೊರಿಕೊ ಮೂಲದವಳು. ಗೇಮ್ ಬಂದ ಹೊಸತರಲ್ಲಿ ಅವನ ಮನೆಯೊಳಗೆ ಕ್ಯೂಬಾದ ಬಾವುಟ ಇತ್ತು. ಎರಡರಲ್ಲೂ ಪಟ್ಟಿ, ಎರಡರಲ್ಲೂ ತ್ರಿಕೋನ, ಎರಡರಲ್ಲೂ ನಕ್ಷತ್ರ. ಕೆಂಪು ಮತ್ತು ನೀಲಿ ಮಾತ್ರ ಅದಲುಬದಲು. ಆಡಿದವರು ಕಂಡುಹಿಡಿದರು, ಸ್ಟುಡಿಯೋ ಕ್ಷಮೆ ಕೇಳಿ ತಿದ್ದಿತು. ಮರಳಿನ ಒಂದೊಂದು ಕಣವನ್ನೂ ಕೈಗೆ ತಾಗಿಸಿದವರ ಕಣ್ಣಿಗೆ ಅಮ್ಮನ ಊರಿನ ಬಾವುಟ ಬೀಳಲಿಲ್ಲ. 30 ಕೋಟಿ ಡಾಲರಿನಲ್ಲಿ ಒಂದು ಬಾವುಟ ನೋಡಿ ತಲೆಯಾಡಿಸಲು ಒಬ್ಬ ಅಜ್ಜಿಗೆ ಸಂಬಳ ಕೊಡಬಹುದಿತ್ತು.

ಕೊನೆಗೆ ನೀನು ಸೂಟು ಕಳಚಿಟ್ಟು, ಊರನ್ನು ಮೈಲ್ಸನಿಗೆ ಒಪ್ಪಿಸಿ, ಸ್ವಲ್ಪ ದಿನ ಪೀಟರ್ ಆಗಿಯೇ ಇರುತ್ತೇನೆಂದೆ. ಸಂತೋಷ. ಮೇರಿ ಜೇನ್ ಪತ್ರಿಕೆ ಬಿಟ್ಟು ತನ್ನದೇ ಪಾಡ್‌ಕಾಸ್ಟ್ ಶುರುಮಾಡಿದಳು. ಅಂದರೆ ಮನೆಯಲ್ಲಿ ಈಗ ಒಂದೂ ಸಂಬಳವಿಲ್ಲ. ನೀನೋ, ಜಗತ್ತನ್ನು ಗುಣಪಡಿಸುವ ಅದೇ ಫೌಂಡೇಶನ್ನನ್ನು ಮತ್ತೆ ಕಟ್ಟಲು ಹೊರಟಿದ್ದೀಯ, ಆ ಸಾಲದ ಮನೆಯ ಗ್ಯಾರೇಜಿನಲ್ಲೇ. ಜಪ್ತಿಗೆ ಬಂದವರು ಬಿಳಿಹಲಗೆ, ಜೇನುಹುಳದ ಡ್ರೋನು ಎಲ್ಲವನ್ನೂ ಪಟ್ಟಿಮಾಡಿಕೊಂಡು ಹೋಗುತ್ತಾರೆ, ನೆನಪಿಟ್ಟುಕೋ.

ಮೂರನೆಯ ಭಾಗ ಬರುವ ಸೂಚನೆ ಕೊಟ್ಟೇ ನೀನು ಮರೆಯಾದೆ. ಹ್ಯಾರಿಯ ಅಪ್ಪ ನಾರ್ಮನ್ ಆಸ್ಬಾರ್ನ್ ಜೈಲಿಗೆ ಹೋಗಿ ನಿನ್ನ ಹಳೆ ವೈರಿ ಆಕ್ಟೇವಿಯಸನನ್ನು ಕಂಡು ನಿನ್ನ ಹೆಸರು ಕೇಳಿದ್ದಾನೆ. ಅಂದರೆ ಹಸಿರು ರಾಕ್ಷಸ, ಇನ್ನೂ ಎತ್ತರದ ಬೆಂಕಿ, ಇನ್ನೂ ಅಗಲದ ನಕ್ಷೆ. ನನ್ನದೇನೂ ಅಡ್ಡಿಯಿಲ್ಲ, ಇದನ್ನು 4,999 ರೂಪಾಯಿ ಕೊಟ್ಟು ಕೊಂಡವನು ಅದಕ್ಕೂ ಕೊಡುತ್ತೇನೆ, ನಾನೂ ಬೈದುಕೊಂಡೇ ಸಾಲಿನಲ್ಲಿ ನಿಲ್ಲುವ ಜಾತಿಯವನು. ನನ್ನ ಬೇಡಿಕೆ ಒಂದೇ. ಆ ರಾಕ್ಷಸ ಬರುವ ಮೊದಲು ಒಂದು ಬೆಳಗ್ಗೆ ಹತ್ತು ಗಂಟೆಗೆ ನನ್ನನ್ನು ಪೀಟರನಾಗಿ ಬ್ಯಾಂಕಿಗೆ ಕಳಿಸು. ಟೋಕನ್ ಹಿಡಿದು ಕೂರುತ್ತೇನೆ. ಕೌಂಟರಿನ ಹೆಂಗಸು ಆಧಾರಪತ್ರ ಸಾಲದು ಎನ್ನಲಿ, ಇನ್ನೊಂದು ಫಾರಂ ಕೊಡಲಿ, ಮ್ಯಾನೇಜರ್ ಊಟಕ್ಕೆ ಹೋಗಿರಲಿ. ಹೊರಗೆ ಸೈರನ್ ಕೂಗುತ್ತಿರಲಿ. ಓಡಬೇಕೋ ಕೂರಬೇಕೋ ನಾನು ತೀರ್ಮಾನಿಸುತ್ತೇನೆ. ಯಾವ ಬಾಸ್ ಫೈಟೂ ಬೇಡ, ಬೆವರು ತಾನಾಗಿ ಬರುತ್ತದೆ.

ಮೇರಿ ಜೇನ್‌ಗೆ ಕೇಳಿದೆನೆಂದು ಹೇಳು. ಮೈಲ್ಸ್ ಕಾಲೇಜಿಗೆ ಬರೆಯಬೇಕಿದ್ದ ಪ್ರಬಂಧ ಇಡೀ ಗೇಮ್ ಎಳೆದಾಡಿ ಕೊನೆಗೂ ಮುಗಿಸಿದ್ದಾನೆ, ಅವನಿಗೆ ಶಾಬಾಸ್.

ಇಂತಿ ನಿನ್ನ ಹಿತೈಷಿ,
ಕಂತು ಕಟ್ಟುತ್ತಿರುವ ಒಬ್ಬ ಆಟಗಾರ

ತಾ.ಕ.: ಗೇಮ್ ಬಂದ ಹೊಸತರಲ್ಲಿ ಒಂದು ಬಗ್ ಇತ್ತಲ್ಲ, ಅದನ್ನು ಹೇಳಲು ಮರೆತೆ. ಕೆಲವರ ಟೀವಿಯಲ್ಲಿ ನೀನು ಇದ್ದಕ್ಕಿದ್ದಂತೆ ಒಂದು ಬಿಳಿ ಚೌಕದ ಡಬ್ಬಿಯಾಗುತ್ತಿದ್ದೆ. ಕೈಯಿಲ್ಲ, ಕಾಲಿಲ್ಲ, ಮುಖವಾಡವಿಲ್ಲ. ಆ ಡಬ್ಬಿಯೇ ನ್ಯೂಯಾರ್ಕಿನ ಮೇಲೆ ತೂಗಾಡಿಕೊಂಡು ಹೋಗುತ್ತಿತ್ತು. ಆಮೇಲೆ ಸರಿಪಡಿಸಿದರಂತೆ. ಅವಸರಪಟ್ಟರು. 65 ಸೂಟುಗಳಿಗಿಂತ ಅದು ಖರ್ಚಿಗೆ ಹಗುರ, ಒಗೆಯುವ ಕೆಲಸವೂ ಇರಲಿಲ್ಲ.